ಹದಿನೇಳೋ, ಹತ್ತೊಂಬತ್ತೋ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ನಮ್ಮ ತರಗತಿಯಲ್ಲಿ ಜೂನ್ 1ನೆಯ ತಾರೀಖು ಹುಟ್ಟಿದವರು ಒಂಬತ್ತು ಮಂದಿ ಇದ್ದೇವೆ. ಜ್ಯೋತಿಷ್ಯವನ್ನು ನಂಬುವ ಮಿತ್ರರು ಇದಕ್ಕೆ ಏನು ಕಾರಣ ಹೇಳುವರೋ ನಾನರಿಯೆ. ನನ್ನ ಮಟ್ಟಿಗೆ ನಿಜವಾದ ಕಾರಣ ಇಷ್ಟೇ. ಹನೂರಿನ ಕಡೆಯ ನಮ್ಮ ಹಳ್ಳಿಯ ಶಾಲೆಗೆ ಅಪ್ಪ ನನ್ನನ್ನು ಕರೆದೊಯ್ದಾಗ, ಮೇಷ್ಟ್ರು ಹುಟ್ಟಿದ ದಿನವನ್ನು ಕೇಳಿದರು. ಮಾದಪ್ಪನ ದೀಪಾವಳಿ ಜಾತ್ರೆ ಕಳೆದ ಮೇಲೆ, ರಾಗಿ ಕುಯ್ಲಿನಲ್ಲಿ ಹುಟ್ಟಿದ್ದು ಎಂದು ಅಪ್ಪ ಹೇಳಿದರು. ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಗೆ ಮುಟ್ಟಿಸಿ ನೋಡಿ, ಜೂನ್ 1 ಎಂದು ಬರೆದುಕೊಂಡರು. ರಾಗಿ ಕುಯ್ಲು ಜೂನ್ ತಿಂಗಳಲ್ಲಿ ಆಗುವುದಿಲ್ಲವೆಂಬುದು ಮೇಷ್ಟ್ರಿಗೂ ತಿಳಿದಿತ್ತು.

ಇದು ನಗುವ ವಿಷಯವೆಂದೇ ನಾನು ಬಹುಕಾಲ ತಿಳಿದಿದ್ದೆ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬನನ್ನು ಪಂಪ್‌ಸೆಟ್ಟಿನ ಕೇಬಲ್ ಕದ್ದನೆಂಬ ಸಂಶಯದ ಮೇಲೆ ಹಿಡಿದರು. ಐದನೆಯ ತರಗತಿಗೆ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದ ಹುಡುಗ. ಠಾಣೆಯಲ್ಲಿ ವಯಸ್ಸು ಕೇಳಿದಾಗ ತನಗೆ ಗೊತ್ತಿಲ್ಲವೆಂದ. ಆಧಾರ್ ಚೀಟಿಯಲ್ಲಿ ಯಾರೋ ಅಂದಾಜಿನಿಂದ ಬರೆಸಿದ್ದ ಇಸವಿಯಂತೆ ಹತ್ತೊಂಬತ್ತು ಆಗುತ್ತಿತ್ತು. ಅದನ್ನೇ ಬರೆದುಕೊಂಡು ಒಂದು ರಾತ್ರಿ ಲಾಕಪ್ಪಿನಲ್ಲಿ ಇರಿಸಿ, ಮರುದಿನ ದೊಡ್ಡವರ ಜೊತೆಯಲ್ಲೇ ಜೈಲಿಗೆ ಕಳುಹಿಸಿದರು. ಕದ್ದನೋ ಇಲ್ಲವೋ ಎಂಬ ಮಾತು ಇಲ್ಲಿ ಬೇಡ. ಅವನ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದು, "ಓದ್ದವನು ನೀನೊಬ್ಬನೆಯ ಕನಪ್ಪ, ನನ್ನ ಜೊತೆ ಬಾ" ಎಂದಳು. ಸರ್ಕಾರದ ವತಿಯಿಂದ ಉಚಿತವಾಗಿ ದೊರೆತ ವಕೀಲರು ಶಾಲೆಯ ದಾಖಲಾತಿ ಪುಸ್ತಕದ ಪ್ರತಿ ತರಲು ಹೇಳಿದರು. ನಡುವೆ ರಜೆಗಳು ಬಂದವು. ಪ್ರತಿ ಸಿಕ್ಕಿ, ಅವನು ಹದಿನೇಳರವನೆಂದು ಒಪ್ಪಿಗೆಯಾಗಿ ಹೊರಬರುವ ಹೊತ್ತಿಗೆ ಹನ್ನೊಂದು ದಿನ ಕಳೆದಿತ್ತು. ಆ ಹನ್ನೊಂದು ದಿನದ ವಿಷಯ ಅವನು ಯಾರಲ್ಲಿಯೂ ಹೇಳಲಿಲ್ಲ. ಅವನ ತಾಯಿಯೂ ಕೇಳುವುದನ್ನು ಬಿಟ್ಟಳು.

ಹೀಗಾಗಬಾರದೆಂದೇ ಕಾನೂನು ಇದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡತಕ್ಕದ್ದಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಿಸಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. 2016ರ ನಿಯಮಗಳಂತೆ ಕೈಕೋಳ ಹಾಕಕೂಡದು, ತಪ್ಪೊಪ್ಪಿಗೆಗೆ ಒತ್ತಾಯಿಸಕೂಡದು. ವಯಸ್ಸಿನ ವಿಚಾರಣೆ ನಡೆಯುತ್ತಿರುವಾಗಲೂ ಕಾವಲಿನಲ್ಲಿ ಇಡಬೇಕಾದರೆ ಅದಕ್ಕೆ ಜೈಲಲ್ಲದ ಬೇರೆ ಸುರಕ್ಷಿತ ಸ್ಥಳವನ್ನು ಕಾಯ್ದೆ ಹೇಳಿದೆ. ಇಷ್ಟು ಒಳ್ಳೆಯ ಕಾನೂನಿಗೆ ಒಂದೇ ಬಾಗಿಲು. ಎದುರಿಗೆ ನಿಂತಿರುವವನು ಮಗುವೆಂದು ಯಾರಾದರೂ ಮೊದಲು ನಂಬಬೇಕು.

ನಂಬಿಸುವುದು ಹೇಗೆ? ಮೊದಲು ಶಾಲೆಯ ದಾಖಲೆ ಅಥವಾ ಹತ್ತನೆಯ ತರಗತಿಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಆಧಾರ್ ಹುಟ್ಟಿದ ದಿನಕ್ಕೆ ಪ್ರಮಾಣವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಇನ್ನು ಮೂಳೆ ಪರೀಕ್ಷೆಯಲ್ಲಿ ಎರಡು ವರ್ಷ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದೆಂದು ಅದೇ ನ್ಯಾಯಾಲಯ 1982ರಷ್ಟು ಹಿಂದೆಯೇ ಒಪ್ಪಿತ್ತು. ಹದಿನೇಳರ ಹುಡುಗನಿಗೆ ಈ ಎರಡು ವರ್ಷವೇ ಸರ್ವಸ್ವ.

ಬಿಳಿಗಿರಿರಂಗನ ಬೆಟ್ಟದ, ಮಲೆಮಹದೇಶ್ವರ ಬೆಟ್ಟದ ಸೀಮೆಯ ಸೋಲಿಗರ ಪೋಡುಗಳನ್ನು ನೆನೆಯಿರಿ. ಪೋಡಿನ ಗುಡಿಸಲಿನಲ್ಲಿ ಹುಟ್ಟಿ, ಶಾಲೆಯ ಮುಖವನ್ನೇ ಕಾಣದ ಹುಡುಗನ ಬಳಿ ಮೊದಲೆರಡು ಕಾಗದಗಳು ಎಲ್ಲಿಂದ ಬರಬೇಕು? ಡಾ. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಮಗುವಿಗೆ ಅಕ್ಷರದ ಜೊತೆಗೆ ಒಂದು ವಯಸ್ಸೂ ದೊರೆಯಿತೆಂದು ನನಗೆ ಈಗ ತೋರುತ್ತದೆ.

ಮಗು ಯಾರೆಂಬ ಗೆರೆಯಾದರೂ ಎಂದೂ ಒಂದೇ ಕಡೆ ನಿಂತಿದ್ದಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಕೊಳ್ಳೇಗಾಲದ ಹುಡುಗನಿಗೆ 1920ರ ಮದರಾಸು ಮಕ್ಕಳ ಕಾಯ್ದೆ. ಕೆಲವು ಮೈಲಿ ಆಚೆಗೆ ಅದು ನಡೆಯುತ್ತಿರಲಿಲ್ಲ. ಅದಕ್ಕಿಂತ ಹತ್ತಿರದ ಸಂಗತಿಯೊಂದಿದೆ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗಿಯರಿಗೆ ಹದಿನೆಂಟರ ಗೆರೆ, ಹುಡುಗರಿಗೆ ಹದಿನಾರರ ಗೆರೆ. 2000ದ ಕಾಯ್ದೆ ಜಾರಿಗೆ ಬಂದ 2001ರವರೆಗೆ ಇದು ನಡೆಯಿತು. ಈ ನಡುವೆಯೇ, 1993ರ ಏಪ್ರಿಲ್ 9ರಂದು, ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅನಂತರ ನಮ್ಮ ಕಾಡಂಚಿನ ಹಳ್ಳಿಗಳ ಅನೇಕರು ಟಾಡಾ ಕಾಯ್ದೆಯಡಿ ಮೈಸೂರಿನ ಜೈಲು ಸೇರಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ತೀರ್ಪಾಯಿತು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆ ಕಾಲದಲ್ಲಿ ಹದಿನಾರು ತುಂಬಿದ ಹುಡುಗನನ್ನು ಹಿಡಿದಿದ್ದರೆ, ವಯಸ್ಸನ್ನು ಸರಿಯಾಗಿ ಬರೆದುಕೊಂಡರೂ ಅವನು ಕಾನೂನಿನ ಕಣ್ಣಿಗೆ ಗಂಡಸೇ ಆಗಿದ್ದ.

ಕಾಗದವಿಲ್ಲವೆಂಬುದನ್ನೇ ನೆಪ ಮಾಡಿಕೊಂಡು ಇಪ್ಪತ್ತೆರಡರ ಪುಂಡರು ಮಕ್ಕಳ ವೇಷ ಹಾಕಲಾರರೇ ಎಂದು ನನ್ನ ಕೋಣೆಯ ಗೆಳೆಯ ವಾದಿಸುತ್ತಾನೆ. ಹಾಕಬಹುದು. ಅಂಥವನೊಬ್ಬ ಕೆಲವು ದಿನ ಜೈಲಿನ ಹೊರಗೆ ಇದ್ದರೆ ಆಗುವ ನಷ್ಟವನ್ನು ಪೋಲೀಸರು ಆಮೇಲೆ ತುಂಬಿಕೊಳ್ಳಬಹುದು. ಹದಿನೇಳರವನೊಬ್ಬ ಹನ್ನೊಂದು ದಿನ ಒಳಗಿದ್ದುದನ್ನು ಯಾರು ತುಂಬಿಕೊಡುವರು? ವಯಸ್ಸಿನ ವಿಷಯದಲ್ಲಿ ಎರಡು ಅಭಿಪ್ರಾಯಕ್ಕೆ ಎಡೆಯಿದ್ದರೆ ಬಾಲಕನೆಂಬ ಕಡೆಗೇ ವಾಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಹೇಳಿದೆ. ನ್ಯಾಯಾಲಯದ ಈ ಔದಾರ್ಯ ಠಾಣೆಯ ಮೊದಲ ರಾತ್ರಿಯಲ್ಲೇ ಹುಡುಗನಿಗೆ ಸಿಗಬೇಕೆಂಬುದು ನನ್ನ ವಾದ. ಠಾಣೆಯ ಪುಸ್ತಕದಲ್ಲಿ ವಯಸ್ಸಿನ ಪಕ್ಕದಲ್ಲಿ ಅದು ಯಾವ ದಾಖಲೆಯಿಂದ ತಿಳಿಯಿತೆಂದೂ ಬರೆಯಲಿ. ದಾಖಲೆ ಇಲ್ಲದಿದ್ದರೆ ಮಗುವೆಂದೇ ಬರೆದುಕೊಳ್ಳಲಿ.

ನಮ್ಮ ಪಾಲಿನ ಕೆಲಸವೂ ಇದೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ವರ್ಷವರ್ಷವೂ ಊರಿನ ಚರಂಡಿ ತೋಡಿ ಬರುತ್ತೇವೆ. ಬರುವ ವರ್ಷದ ಮಳೆಗೆ ಅದು ಮುಚ್ಚಿಹೋಗುತ್ತದೆ. ಅದಕ್ಕೆ ಬದಲಾಗಿ ಒಂದು ಪೋಡಿನಲ್ಲಿ ಕುಳಿತು, ಜನನ ಪತ್ರವಿಲ್ಲದ ಮಕ್ಕಳ ಪಟ್ಟಿ ಮಾಡಿ, ಅಂಗನವಾಡಿಯ ಪುಸ್ತಕ, ಹೆರಿಗೆ ಮಾಡಿಸಿದ ಮುದುಕಿಯ ನೆನಪು, ಜಾತ್ರೆ, ಮಳೆ, ಆನೆ ಬಂದ ವರ್ಷ ಎಲ್ಲವನ್ನೂ ಸೇರಿಸಿ ಅರ್ಜಿ ತುಂಬಿಸಬಾರದೇಕೆ? ಹುಟ್ಟಿ ಒಂದು ವರ್ಷ ದಾಟಿದ ಮಗುವಿನ ಜನನವನ್ನು ಉಪವಿಭಾಗ ದಂಡಾಧಿಕಾರಿಗಳ ಆದೇಶದ ಮೇಲೆ ದಾಖಲಿಸಲು ಅವಕಾಶವಿದೆ. ಅವರ ಕಚೇರಿ ಕೊಳ್ಳೇಗಾಲದಲ್ಲೇ ಇದೆ.

ಶಾಲೆಯಲ್ಲಿ ಆ ದಿನ ದಾಖಲಾತಿ ಪುಸ್ತಕ ತೆರೆದಾಗ ನಮ್ಮ ಬೀದಿಯ ಹುಡುಗನ ಹೆಸರಿನ ಮುಂದೆಯೂ ಜೂನ್ 1 ಎಂದಿತ್ತು, ನನ್ನ ಹೆಸರಿನ ಮುಂದಿದ್ದ ಅದೇ ಅಕ್ಷರದಲ್ಲಿ. ಮೇಷ್ಟ್ರ ಊಹೆ ಅವನನ್ನು ಕಾಪಾಡಿತು.

ಈ ವರ್ಷದ ಶಿಬಿರಕ್ಕೆ ಊರು ಇನ್ನೂ ಗೊತ್ತುಮಾಡಿಲ್ಲ. ಪೋಡೊಂದನ್ನು ಆರಿಸಬೇಕೆಂದು ಅಧ್ಯಾಪಕರಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಹಾಳೆ, ಪೆನ್ನು ನಾನು ತರುತ್ತೇನೆ. ಸೋಲಿಗರ ಮಾತು ಬಲ್ಲ ಗೆಳೆಯರು ಇಬ್ಬರಾದರೂ ಜೊತೆಗೆ ಬೇಕು.