ಕಬ್ಬಿಣದ ಮಾತ್ರೆ ತಿಂದರೆ ಕೂಸು ಕಪ್ಪಾಗುತ್ತದೆಯೇ? ಕಬ್ಬಿಣ ಸೇರುವ ಜಾಗ ಬೇರೆಯೇ ಇದೆ

"ಆ ಕೆಂಪು ಗುಳಿಗೆ ತಿನ್ನಬ್ಯಾಡ, ಕೂಸು ಕರ್ರಗ ಆಗತೈತಿ." ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಬಸುರಿಯರಿಗೆ ಹೇಳುವ ಇಂಥ ಮಾತು ನಾವೆಲ್ಲ ಕೇಳಿದ್ದೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಆ ಕಬ್ಬಿಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದು ಒಳ್ಳೆಯದು.

ಕರುಳಿನಿಂದ ರಕ್ತಕ್ಕೆ ಬಂದ ಕಬ್ಬಿಣವನ್ನು ಹೊರುವುದು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು. ಇದನ್ನು ಚಕ್ಕಡಿ ಎನ್ನೋಣ. ಒಂದು ಚಕ್ಕಡಿಗೆ ಎರಡು ಕಬ್ಬಿಣದ ಅಣುಗಳ ಹೇರು. ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣವಾಗಲಿರುವ ಜೀವಕೋಶದ ಹೊರಮೈಯಲ್ಲಿ ಈ ಚಕ್ಕಡಿಯನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳಿವೆ. ಅವು ಹಿಡಿದ ಜಾಗದಲ್ಲಿ ಕೋಶದ ಪೊರೆ ಒಳಕ್ಕೆ ಗುಳಿ ಬೀಳುತ್ತದೆ. ಕ್ಲಾತ್ರಿನ್ ಎಂಬ ಪ್ರೋಟೀನು ಅದಕ್ಕೆ ಬುಟ್ಟಿಯಂತೆ ಹೆಣಿಗೆ ಕಟ್ಟುತ್ತದೆ. ಡೈನಮಿನ್ ಅದರ ಕುತ್ತಿಗೆ ಬಿಗಿದು ಕತ್ತರಿಸುತ್ತದೆ. ಹೇರು ಸಮೇತ ಚಕ್ಕಡಿ ಒಳಗೆ ಬಂತು. ಇದೇ ಎಂಡೋಸೈಟೋಸಿಸ್.

ಒಳಗಿನ ಚೀಲ, ಅಂದರೆ ಎಂಡೋಸೋಮ್, ಸ್ವಲ್ಪ ಹುಳಿಯಾಗಿರುತ್ತದೆ. ಆ ಹುಳಿಗೆ ಕಬ್ಬಿಣ ಕಳಚಿಕೊಂಡು, ಚೀಲದಿಂದ ಹೊರಬಿದ್ದು ಹಿಮೋಗ್ಲೋಬಿನ್ ತಯಾರಿಕೆಗೆ ಹೋಗುತ್ತದೆ. ಖಾಲಿ ಚಕ್ಕಡಿಯನ್ನೂ ಗ್ರಾಹಕವನ್ನೂ ಕೋಶ ಎಸೆಯುವುದಿಲ್ಲ. ರ‍್ಯಾಬ್ 4, ರ‍್ಯಾಬ್ 11 ಎಂಬ ಪ್ರೋಟೀನುಗಳು ದಾರಿ ತೋರಿಸಿ ಅವನ್ನು ಮತ್ತೆ ಹೊರಮೈಗೆ ಕಳಿಸುತ್ತವೆ. ಹೋಗಿಬರಲು ಹತ್ತಿಪ್ಪತ್ತು ನಿಮಿಷ ಸಾಕು. ಇಂಥ ಸಂಚಾರವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ದಶಕಗಳ ಕಾಲ ಅಧ್ಯಯನ ಮಾಡಿದ ಸತ್ಯಜಿತ್ ಮೇಯರ್ ಅವರಿಗೆ 2012ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂದಿದೆ.

ವಾಪಸಾತಿ ಕೆಟ್ಟರೆ ಏನಾಗುತ್ತದೆ? ಒಂದು ತಳಿಯ ಇಲಿಗಳಿಗೆ ಹುಟ್ಟಿನಿಂದಲೇ ರಕ್ತಹೀನತೆ. ಇದೇ ಸಂಚಾರಕ್ಕೆ ನೆರವಾಗುವ ಸೆಕ್ 15 ಎಂಬ ಪ್ರೋಟೀನಿನ ದೋಷವೇ ಅದಕ್ಕೆ ಕಾರಣವೆಂದು 2005ರಲ್ಲಿ ಪತ್ತೆಯಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಬಹಳ ಸಲ ಚಕ್ಕಡಿ ಸರಿಯಿದೆ, ಹೇರಲು ಕಬ್ಬಿಣವೇ ಇಲ್ಲ.

ಕೂಸಿನ ಬಣ್ಣಕ್ಕೆ ಕಾರಣ ಮೆಲನಿನ್. ಅದು ಹೆತ್ತವರಿಂದ ಬಂದ ಜೀನುಗಳ ಲೆಕ್ಕ. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ, ಅದಕ್ಕೆ ಹೆದರಬೇಕಿಲ್ಲ. ಮಾತ್ರೆಯ ಜೊತೆ ಚಹಾ ಬೇಡ, ಊಟದಲ್ಲಿ ಲಿಂಬೆಹುಳಿ ಇರಲಿ. ತಪ್ಪದೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ಮಾತ್ರೆ ಬಿಡದೆ ವೈದ್ಯರಿಗೆ ತೋರಿಸೋಣ.