ನೀಲಿ ದೀಪ ಉರಿದರೆ ಸಾಲದು

ಹೊಸನಗರದ ಕಡೆಯ ಹಿರಿಯರೊಬ್ಬರು ಹೋದ ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬಂದು, ಕೈಚೀಲದಿಂದ ಟವೆಲ್ ಸುತ್ತಿದ ಕೊಳವೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ತಮ್ಮಾ, ದೀಪ ಉರೀತದೆ. ನೀರಿನ ಹಸಿರು ಮಾತ್ರ ಹೋಗೂದಿಲ್ಲ. ಎಂತಾಗಿದೆ ನೋಡು ಮಾರಾಯ" ಅಂದರು. ಸಾಗರದಲ್ಲಿ ನನ್ನದು ಮೋಟರ್ ವೈಂಡಿಂಗ್ ಕಸುಬು, ಮನೆ ಇಕ್ಕೇರಿ ಕಡೆ. ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರ, ಮಿಕ್ಸಿಗಳ ಸಾಲಿಗೆ ಈಚೆಗೆ ಮೀನಿನ ತೊಟ್ಟಿಯ ಯುವಿ ದೀಪವೂ ಸೇರಿದೆ. ತೊಟ್ಟಿ ಕೊಂಡ ದಿನವೇ ಆಕ್ಸಿಜನ್ ಮೋಟರು, ಬಣ್ಣದ ಕಲ್ಲಿನ ಜೊತೆಗೆ ಇದನ್ನೂ ಕಟ್ಟಿ ಕಳಿಸುತ್ತಾರೆ. "ಇದೊಂದಿದ್ದರೆ ನೀರು ಬದಲಿಸೋದೇ ಬೇಡ" ಎಂಬ ಮಾತನ್ನು ಗಿರಾಕಿಗಳ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ತಕರಾರು ಇರುವುದು ಈ ಮಾತಿನ ಮೇಲೆ.

ಟ್ಯೂಬ್‌ಲೈಟ್ ಬಿಚ್ಚಿ ಬಲ್ಲವರಿಗೆ ಯುವಿ ದೀಪದಲ್ಲಿ ಗುಟ್ಟೇನೂ ಇಲ್ಲ. ಟ್ಯೂಬ್‌ಲೈಟಿನ ಒಳಗೂ ಪಾದರಸದ ಆವಿ ಹೊಮ್ಮಿಸುವುದು 254 ನ್ಯಾನೊಮೀಟರಿನ ಅದೇ ಕಾಣದ ಕಿರಣವನ್ನು. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಹೀರಿಕೊಂಡು ನಮಗೆ ಕಾಣುವ ಬೆಳಕು ಮಾಡುತ್ತದೆ. ಆ ಪುಡಿ ಇಲ್ಲದೆ, ಕಿರಣವನ್ನು ಹೊರಗೆ ಬಿಡುವ ಗಾಜಿನಲ್ಲಿ ಮಾಡಿ, ನೀರು ತಾಗದಂತೆ ಕ್ವಾರ್ಟ್ಜ್ ಕೊಳವೆಯೊಳಗೆ ಕೂರಿಸಿದರೆ ಅದೇ ಯುವಿ. ಪಕ್ಕದಲ್ಲಿ ಹಾದುಹೋಗುವ ನೀರಿನ ಪಾಚಿಯ ಕಣ, ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಅದು ಕೆಡಿಸುತ್ತದೆ. ಅವು ಮತ್ತೆ ಮರಿ ಹಾಕಲಾರವು. ವಿದ್ಯೆ ಹಳೆಯದು. ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಬಳಸಿ ನೋಡಿದ್ದರು. ನಿಮ್ಮ ಅಡುಗೆಮನೆಯ ವಾಟರ್ ಪ್ಯೂರಿಫೈಯರಿನಲ್ಲಿರುವುದೂ ಇದರ ತಮ್ಮನೇ.

ನಮ್ಮ ಕಣ್ಣಿಗೆ ಕಾಣುವ ನೀಲಿ ಬೆಳಕಿಗೂ ಪಾಚಿ ಕೊಲ್ಲುವ ಕಿರಣಕ್ಕೂ ಸಂಬಂಧವಿಲ್ಲ. ಸುಮಾರು 8,000 ಗಂಟೆ, ಅಂದರೆ ಹಗಲು ರಾತ್ರಿ ಉರಿಸಿದರೆ ಒಂದು ವರ್ಷಕ್ಕೆ ತುಸು ಕಡಿಮೆ, ಅಷ್ಟು ಹೊತ್ತಿಗೆ ಕಿರಣದ ಕಸುವು ಇಳಿದಿರುತ್ತದೆ. ನೀಲಿ ಮಾತ್ರ ಮದುವೆ ಮನೆಯ ಸೀರಿಯಲ್ ಲೈಟಿನಂತೆ ಉರಿಯುತ್ತಲೇ ಇರುತ್ತದೆ. ಆ ಹಿರಿಯರ ದೀಪಕ್ಕೆ ಎರಡು ವರ್ಷ ಆಗಿತ್ತು. ಸಾಲದ್ದಕ್ಕೆ ಅವರದು ಜಂಬಿಟ್ಟಿಗೆ ನೆಲದ ಬಾವಿ. ಕಬ್ಬಿಣದ ಅಂಶ ಕ್ವಾರ್ಟ್ಜಿನ ಮೇಲೆ ಕೆಂಪು ಪರೆಯಾಗಿ ಕೂತಿತ್ತು. ಲಿಂಬೆ ಹುಳಿ ಹಚ್ಚಿ ತಿಕ್ಕಿದ ಮೇಲೆ ಗಾಜು ಕಂಡಿತು. ಇನ್ನು ತೊಟ್ಟಿಯಲ್ಲಿ ಕಾಡು ಬಾದಾಮಿ ಎಲೆ ಹಾಕಿ ನೀರನ್ನು ಚಹಾದ ಬಣ್ಣಕ್ಕೆ ತಂದವರು ಯುವಿ ಹಾಕುವುದಂತೂ ದಂಡ. ಕಿರಣವನ್ನು ಆ ಕಂದು ಬಣ್ಣವೇ ಕುಡಿದುಬಿಡುತ್ತದೆ.

(ಕೊಳವೆ ಬಿಚ್ಚಿಟ್ಟು ದೀಪ ಉರಿಸಿ ನೋಡಬೇಡಿ. ನಾನು ಒಮ್ಮೆ ನೋಡಿದೆ. ಕಣ್ಣಿಗೆ ಮರಳು ಹೊಯ್ದ ಹಾಗಾಗಿ ರಾತ್ರಿಯಿಡೀ ನಿದ್ದೆಯಿಲ್ಲ. ವೆಲ್ಡಿಂಗ್ ಮಾಡುವವರಿಗೆ ಈ ಉರಿ ಗೊತ್ತು.)

ನನ್ನ ಮನೆಯ ಕತೆಯನ್ನೂ ಹೇಳಬೇಕು. ಜಗಲಿಯಲ್ಲಿ ನಾಲ್ಕಡಿ ಉದ್ದದ, 250 ಲೀಟರಿನ ತೊಟ್ಟಿ. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ನೇರ ಬೀಳುತ್ತಿತ್ತು. ಬಂದ ನೆಂಟರೆಲ್ಲ ಮೀನಿಗೆ ಒಂದೊಂದು ಚಿಟಿಕೆ ಕಾಳು ಹಾಕುತ್ತಿದ್ದರು. ನೀರು ಹಸಿರಾಗದೆ ಏನಾದೀತು? ನಾನೂ 11 ವ್ಯಾಟಿನ ಯುವಿ ತಂದು ಹಾಕಿದೆ. ವಾರದೊಳಗೆ ನೀರು ಸ್ಫಟಿಕ. ನೋಡಿದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ನೀರು ಇಷ್ಟು ಚೊಕ್ಕ ಇರುವಾಗ ಬಕೆಟ್ ಎತ್ತುವುದೇಕೆಂದು ಎರಡು ತಿಂಗಳು ಸುಮ್ಮನಾದೆ. ಒಂದು ಬೆಳಿಗ್ಗೆ ಗೋಲ್ಡ್‌ಫಿಶ್‌ಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಸಂಜೆಯೊಳಗೆ ಐದು ಹೋದವು.

ಆಮೇಲೆ ತಿಳಿಯಿತು, ಆ ಹಸಿರು ಪಾಚಿಯೇ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅಷ್ಟಿಷ್ಟು ತಿಂದು ಹಾಕುತ್ತಿತ್ತು. ಅದನ್ನು ನಾನು ಕೊಂದಿದ್ದೆ, ಕಾಳು ಹಾಕುವುದನ್ನು ಮಾತ್ರ ಕಡಿಮೆ ಮಾಡಿರಲಿಲ್ಲ. ಅಮೋನಿಯಾದ ಒಂದು ಕಣವನ್ನೂ ಯುವಿ ತೆಗೆಯುವುದಿಲ್ಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಅಂಟಿಕೊಂಡು ಬದುಕುತ್ತವೆ. ದೀಪ ಅವನ್ನು ಕೊಲ್ಲುವುದಿಲ್ಲ ಎಂಬುದು ಪುಣ್ಯ. ಆದರೆ ನಮ್ಮ ಬಾವಿ ನೀರು ಮೆದು, ಸುಣ್ಣದಂಶ ಕಡಿಮೆ. ಬದಲಿಸದೆ ಬಿಟ್ಟಷ್ಟೂ ಅದು ಹುಳಿಯಾಗುತ್ತದೆ, ಹುಳಿ ನೀರಿನಲ್ಲಿ ಆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಈಗ ಕಿಟಕಿಗೆ ಪರದೆ ಬಂದಿದೆ, ವಾರಕ್ಕೆ ನಾಲ್ಕು ಬಕೆಟ್ ನೀರು ಅಡಿಕೆ ಬುಡಕ್ಕೆ ಹೋಗುತ್ತದೆ. ಯುವಿ ತೆಗೆದಿಟ್ಟು ವರ್ಷವಾಯಿತು. ನೀರು ಹಸಿರಾಗಿಲ್ಲ. ನಗರವೆಂಬ ಊರಿನ ದೇವಗಂಗೆಯ ಕೊಳಗಳನ್ನು ನೋಡಿದವರಿಗೆ, ನೀರು ಬದಲಾಗುತ್ತಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳದಿ ಅರಸರ ಕಾಲದ ಆ ಕೊಳಗಳಲ್ಲಿ ನೀರು ಒಂದು ಕಡೆ ಬಂದು ಇನ್ನೊಂದು ಕಡೆ ಹೊರಟುಹೋಗುತ್ತದೆ.

ಹಾಗಾದರೆ ಯುವಿ ಬೇಡವೇ ಬೇಡವೇ? ಹಾಗೆನ್ನಲಾರೆ. ಹತ್ತಾರು ತೊಟ್ಟಿಗೆ ಒಂದೇ ಫಿಲ್ಟರಿನ ನೀರು ತಿರುಗಿಸುವ ಅಂಗಡಿಯವರಿಗೆ, ಮರಿ ಮಾಡುವವರಿಗೆ ಅದು ಬೇಕು. ಒಂದು ತೊಟ್ಟಿಯ ರೋಗ ಇನ್ನೊಂದಕ್ಕೆ ಹಬ್ಬುವುದನ್ನು ತಗ್ಗಿಸುತ್ತದೆ. ಮನೆಯವರು ಕೊಳ್ಳುವುದು ಹೆಚ್ಚಾಗಿ ಆಷಾಢದ ಬಿಳಿ ಚುಕ್ಕೆ ರೋಗಕ್ಕೆ ಹೆದರಿ. ಮಳೆ ಹಿಡಿದು ನೀರು ತಣ್ಣಗಾಗಿ, ಕರೆಂಟು ಹೋಗಿ ಹೀಟರು ನಿಂತರೆ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಚುಕ್ಕೆ ಏಳುತ್ತವೆ. ಚರ್ಮದೊಳಗೆ ಕೂತ ಜೀವಿಗೆ ದೀಪ ಏನೂ ಮಾಡದು, ತಳದಲ್ಲಿ ಅಂಟಿ ಮರಿ ಮಾಡುವ ಕೋಶಕ್ಕೂ ಮಾಡದು. ಮರಿಗಳು ಹೊಸ ಮೀನು ಹುಡುಕುತ್ತ ಈಜುವಾಗ ಪಂಪಿಗೆ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೂ ನೀರು ನಿಧಾನ ಹರಿದರೆ ಮಾತ್ರ. ಮನೆಗಳಲ್ಲಿ ನಾನು ನೋಡುವ ಪಂಪುಗಳೋ ಗಂಟೆಗೆ 1,000 ಲೀಟರ್ ನುಗ್ಗಿಸುತ್ತವೆ. ಹೋದ ನೀರು ಮತ್ತೆ ಅದೇ ತೊಟ್ಟಿಗೆ ಬಂದು ಬೆರೆಯುವುದರಿಂದ, ತೊಟ್ಟಿಯಷ್ಟು ನೀರು ಒಂದು ಸುತ್ತು ಹಾದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರು ದೀಪದ ಮುಖವನ್ನೇ ಕಂಡಿರುವುದಿಲ್ಲ.

ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ದೇವಸ್ಥಾನದ ಕೆಳಗೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವಾಗ ನೀರಿನ ಬಣ್ಣ ಗಮನಿಸಿ. ಮಳೆಗಾಲದಲ್ಲಿ ಅದು ಕೆಂಪು ಕಾಫಿ. ಮೊಳದುದ್ದದ ಮೀನುಗಳು ಅದರಲ್ಲೇ ಬಾಳುತ್ತವೆ. ಸ್ಫಟಿಕದಂಥ ನೀರು ಬೇಕಾಗಿರುವುದು ಸೋಫಾದಲ್ಲಿ ಕೂತವರಿಗೆ.

11 ವ್ಯಾಟಿನ ದೀಪ ತಿಂಗಳಿಗೆ 8 ಯೂನಿಟ್ ತಿನ್ನುತ್ತದೆ, ಅದೇನು ದೊಡ್ಡದಲ್ಲ. ನನ್ನ ದೊಡ್ಡ ಚಿಂತೆ ಸುಟ್ಟ ದೀಪದ್ದು. ಒಳಗಿರುವುದು ಪಾದರಸ. 2016ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಪಾದರಸದ ದೀಪಗಳೂ ಇದ್ದವು, ಆದರೆ ನಮ್ಮ ಹಳ್ಳಿಗಳಲ್ಲಿ ಅವು ಹೋಗುವುದು ಗೊಬ್ಬರದ ಗುಂಡಿಗೆ ಅಥವಾ ಹಳ್ಳದ ದಂಡೆಗೆ. ಹೊಸ ದೀಪ ಮಾರುವ ಅಂಗಡಿ ಹಳೆಯದನ್ನು ವಾಪಸ್ ತೆಗೆದುಕೊಳ್ಳಲಿ, ಪಟ್ಟಣದ ಕಸದ ಗಾಡಿ ಅದಕ್ಕೆ ಬೇರೆ ಡಬ್ಬಿ ಇಡಲಿ. ಹಾಗೆಯೇ, ಯುವಿ ಹಾಯ್ದ ನೀರು ಶುದ್ಧವೆಂದು ತೊಟ್ಟಿಯನ್ನು ಮೀನು ಸಮೇತ ಹಳ್ಳಕ್ಕೆ ಸುರಿಯುವವರಿದ್ದಾರೆ. ಆಗುಂಬೆ ಸೀಮೆಯ ತೊರೆಯೊಂದರಿಂದ 2010ರಲ್ಲಿ ವಿಜ್ಞಾನಿಗಳು ಬೆಟಡೆವಾರಿಯೊ ಎಂಬ ಹೊಸ ಕುಲದ ಮೀನನ್ನೇ ಗುರುತಿಸಿದರು. ಅಂಥ ನೀರಿಗೆ ಪೇಟೆಯ ಗಪ್ಪಿ, ಅದರ ರೋಗ ಎರಡೂ ಬೇಡ.

ಹಿರಿಯರಿಗೆ ಹೊಸ ದೀಪ ಹಾಕಿಕೊಡಲಿಲ್ಲ. ತೊಟ್ಟಿಗೆ ಹತ್ತು ದಿನ ಕಂಬಳಿ ಹೊದೆಸಿ, ಕಾಳು ಅರ್ಧಕ್ಕಿಳಿಸಿ ಎಂದೆ. "ಕಂಬಳಿಗೆ ಎಷ್ಟು ಚಾರ್ಜು?" ಅಂತ ನಕ್ಕರು. ಅವರ ಹಳೆಯ ದೀಪವನ್ನು ಪೇಪರಿನಲ್ಲಿ ಸುತ್ತಿ, ಅಟ್ಟದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರೊಂದಿಗೆ ಈಗ ಹದಿನಾಲ್ಕಾಗಿವೆ. ಕೇಳಿಕೊಂಡು ಬಂದವರು ಈವರೆಗೆ ಯಾರೂ ಇಲ್ಲ.