ಹೊಟ್ಟಿಗೆ ಕರೆಂಟ್ ಬೇಕೇನು?

ಸೈದಾಪುರದ ಆಯಿಯೊಬ್ಬರು ಕೇಳಿ ಕಳಿಸಿದ್ದಾರೆ: "ಮೊಮ್ಮಗನಿಗೆ ಒಂಬತ್ತು ವರ್ಷ. ನಾಕು ದಿನಕ್ಕೊಮ್ಮೆ ಸಂಡಾಸಕ್ಕ ಹೋಗ್ತಾನ, ಅದೂ ಅಳಕೋತ. ನಡುನಡುವ ಚಡ್ಡಿ ಹೊಲಸಾಗ್ತದ, ಅವರಪ್ಪ ಹೊಡಿತಾನ. ಕರೆಂಟ್ ಕೊಟ್ರ ಕಡಿಮಿ ಆಗ್ತದಂತ, ಖರೇ ಏನು?"

ಮೊದಲು ಹೊಡೆತ ನಿಲ್ಲಲಿ, ಆಯಿ. ಇದು ಹುಡುಗನ ಸೊಕ್ಕಲ್ಲ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮುಂದಿನ ಸಲ ಮಗು ಬಿಗಿಹಿಡಿಯುತ್ತದೆ. ಶಾಲೆಯ ಸಂಡಾಸಿಗೆ ಚಿಲಕವಿಲ್ಲ, ನೀರಿಲ್ಲ ಎಂದರೂ ಅಷ್ಟೇ. ಹಿಡಿದಷ್ಟೂ ದೊಡ್ಡ ಕರುಳು ಮಲದ ನೀರು ಹೀರಿ ಅದನ್ನು ಇನ್ನೂ ಗಟ್ಟಿ ಮಾಡುತ್ತದೆ. ಗುದನಾಳ ಹಿಗ್ಗಿ, 'ಬಂತು' ಎಂಬ ಸುದ್ದಿ ಮಿದುಳಿಗೆ ಮುಟ್ಟುವುದೇ ಕಡಿಮೆಯಾಗುತ್ತದೆ. ಕೊನೆಗೆ ಗಡ್ಡೆಯ ಬದಿಯಿಂದ ತೆಳ್ಳಗಿನದು ಸೋರುತ್ತದೆ. ಅವನಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಕರೆಂಟಿನ ಮಾತು. ಖರೇ, ಅಂಥ ಚಿಕಿತ್ಸೆ ಇದೆ. ಗುದನಾಳಕ್ಕೂ ಅಲ್ಲಿನ ಸ್ನಾಯುಗಳಿಗೂ ಅಪ್ಪಣೆ ಒಯ್ಯುವ ನರಗಳು ಬೆನ್ನಿನ ಬುಡದಲ್ಲಿ, ತ್ರಿಕಾಸ್ಥಿ ಎಂಬ ಮೂಳೆಯ ತೂತುಗಳಿಂದ ಹೊರಡುತ್ತವೆ. ಸಣ್ಣ ವಿದ್ಯುತ್ತಿನಿಂದ ಅವನ್ನು ಎಚ್ಚರಿಸುವುದೇ ಇದರ ಕೆಲಸ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮಕ್ಕಳ ಹೊಟ್ಟೆಗೆ ಎರಡು, ಬೆನ್ನಿಗೆ ಎರಡು ಅಂಟುಪಟ್ಟಿ ಹಚ್ಚಿ ನೋಡಿದ್ದಾರೆ. ಇರುವೆ ಹರಿದಂತೆ ಜುಮುಜುಮು, ಅಷ್ಟೇ. ಇನ್ನೊಂದು ಬಗೆಯಲ್ಲಿ ಪಾದದ ಗಿಣ್ಣಿನ ಒಳಬದಿಗೆ ಕೊಡುತ್ತಾರೆ. ಹೊಟ್ಟೆಗೂ ಪಾದಕ್ಕೂ ಏನು ನಂಟು ಎನ್ನಬೇಡಿ ಮಕ್ಕಳೇ, ಆ ನರದ ಬೇರೂ ಅದೇ ಬೆನ್ನಿನ ಬುಡದಲ್ಲಿದೆ. ಮೂರನೆಯದಕ್ಕೆ ಶಸ್ತ್ರಕ್ರಿಯೆ ಬೇಕು: ಹೃದಯಕ್ಕೆ ಪೇಸ್‌ಮೇಕರ್ ಇಡುವಂತೆ ಪುಟ್ಟ ಯಂತ್ರವನ್ನು ಚರ್ಮದಡಿ ಇಡುತ್ತಾರೆ. ಕೆಲವು ಮಕ್ಕಳಿಗೆ ಗುಣ ಕಂಡಿದೆ, ಎಲ್ಲರಿಗಲ್ಲ. ತಂತಿ ಸರಿಯುವುದು, ಸೋಂಕು ತಗಲುವುದೂ ಉಂಟು. ಆದ್ದರಿಂದ ಇದು ತಿಂಗಳುಗಟ್ಟಲೆ ಔಷಧ ಸರಿಯಾಗಿ ಕೊಟ್ಟರೂ ಕೇಳದವರಿಗೆ, ತಜ್ಞರು ಹೇಳಿದರೆ ಮಾತ್ರ. ಮುತ್ಯಾನ ಮೊಣಕಾಲು ನೋವಿನ ಯಂತ್ರವನ್ನು ಮಗುವಿನ ಹೊಟ್ಟೆಗೆ ಹಚ್ಚಿ ನೋಡಬೇಡಿ!

ನಿಮ್ಮ ಮೊಮ್ಮಗನಿಗೆ ಅದು ಬೇಕಾಗಲಿಕ್ಕಿಲ್ಲ. ಮಕ್ಕಳ ವೈದ್ಯರು ಮೊದಲು ಕಟ್ಟಿಕೊಂಡದ್ದನ್ನು ಔಷಧದಿಂದ ಬಿಡಿಸಿ, ಬಳಿಕ ಅದನ್ನೇ ಸಣ್ಣ ಪ್ರಮಾಣದಲ್ಲಿ ತಿಂಗಳುಗಳ ಕಾಲ ಕೊಡುತ್ತಾರೆ. ಎಂಟು ದಿನಕ್ಕೆ ಸರಿಹೋಯಿತೆಂದು ನಿಲ್ಲಿಸುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಅಂಥವರು ಮತ್ತೆ ಬರುತ್ತಾರೆ. ಔಡಲೆಣ್ಣೆಯನ್ನು ವಾರವಾರ ಕುಡಿಸಬೇಡಿ. ಊಟವಾದ ಮೇಲೆ ಕರುಳು ತಾನಾಗಿ ಅಲುಗುತ್ತದೆ, ಆಗ 5–10 ನಿಮಿಷ ಕೂಡಿಸಿ. ಕಮೋಡ್ ಆದರೆ ಕಾಲ ಕೆಳಗೊಂದು ಮಣೆ ಇರಲಿ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ನಮ್ಮ ಸೀಮೆಯಲ್ಲಿ ಇದ್ದೇ ಇವೆ. ಬಿಸ್ಕೀಟು ಬಂದು ಅವುಗಳ ಜಾಗದಲ್ಲಿ ಕೂತಿದೆ.

ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದಿದ್ದ ಮಗು, ತೂಕ ಇಳಿಯುತ್ತಿರುವ ಮಗು, ಕಾಲಲ್ಲಿ ಬಲ ಕಡಿಮೆಯಾದ ಮಗು: ಇವರನ್ನು ಬೇಗ ಯಾದಗಿರಿಗೋ ರಾಯಚೂರಿಗೋ ಕರೆದೊಯ್ಯಿರಿ. ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಆ ಗಳಿಗೆಯಲ್ಲೇ ಹೊರಡಿ.

ಮಕ್ಕಳೇ, ಪಾಠದ ನಡುವೆ ಎದ್ದು ಕೇಳಲು ನಾಚಿಕೆಯಾದರೆ 'ಹೋಗಬೇಕು' ಎಂದು ಚೀಟಿ ಬರೆದು ಟೀಚರ್ ಕೈಗೆ ಕೊಡಿ. ನನ್ನ ಹೆಸರು ಹೇಳಿ.